ಅಯೋರ್ಟಾ ಆಪರೇಷನ್ ಆದ ಮೇಲೆ: ಮುಂಬಯಿಯೋ ಊರೋ, ಯಾವ ಸ್ಕ್ಯಾನ್, ಸ್ಟೆಂಟೋ ಇನ್ನೊಂದು ಆಪರೇಷನ್ನೋ

ಭಾವನನ್ನು ಐ.ಸಿ.ಯು.ನಿಂದ ವಾರ್ಡಿಗೆ ತಂದ ದಿನ ಅಕ್ಕ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಇನ್ ಊರಿಗ್ ಕರ್ಕಂಡ್ ಹೋಪುದಲ್ದಾ?" ಡೊಂಬಿವಲಿಯ ಒಂದು ಕೋಣೆಯ ಮನೆಗಿಂತ ಕುಂದಾಪುರದ ಹತ್ತಿರದ ಮನೆಯ ಜಗಲಿ, ಗಾಳಿ, ಗಂಜಿ ಊಟವೇ ಒಳ್ಳೆಯದು ಅಂತ ಅವಳ ಲೆಕ್ಕ. ಸರ್ಜನ್ ರೌಂಡ್ಸಿಗೆ ಬಂದಾಗ ನಾನು ಅದನ್ನೇ ಹಿಂದಿಯಲ್ಲಿ ಕೇಳಿದೆ. ಅವರು ಕೇಸ್ ಪೇಪರಿನ ಹಿಂಬದಿಯಲ್ಲಿ, ಆಪರೇಷನ್ ಆದ ದೊಡ್ಡ ರಕ್ತನಾಳ ಅಯೋರ್ಟಾದ ಚಿತ್ರ ಅಂತ, ಒಂದು ಗೆರೆ ಎಳೆದರು. ಕೊಡೆಯನ್ನು ತಲೆಕೆಳಗು ಹಿಡಿದರೆ ಹಿಡಿ ಹೇಗೆ ಕಾಣುತ್ತದೋ ಹಾಗೆ. ಮೇಲಿನ ಬಾಗಿದ ತುದಿಯನ್ನು ಪೆನ್ನಿನಿಂದ ಗೀಚಿ, "ಇಷ್ಟು ಬದಲಾಯಿಸಿದ್ದೇವೆ" ಅಂದರು. ಕೆಳಗಿನ ಉದ್ದದ ಗೆರೆ ತೋರಿಸಿ, "ಇದು ಇನ್ನೂ ಹರಿದೇ ಇದೆ" ಅಂದರು.

ಆ ಕಾಗದ ಇವತ್ತಿಗೂ ನಮ್ಮ ಫೈಲಿನಲ್ಲಿದೆ. ನಾಲ್ಕು ವರ್ಷ ಆಯಿತು. ಈ ನಡುವೆ ಭಾಂಡುಪಿನಿಂದ, ಬೊರಿವಲಿಯಿಂದ, ಥಾಣೆಯಿಂದ ನಮ್ಮವರು ಎಷ್ಟೋ ಜನ ಫೋನ್ ಮಾಡಿದ್ದಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಭಾವನ ಫೈಲ್ ಹಿಡಿದು ಓ.ಪಿ.ಡಿ.ಗಳಲ್ಲಿ ಕೂತು, ಕೇಳಿ ಕೇಳಿ ಕಲಿತದ್ದು. ನಿಮ್ಮ ರೋಗಿಯ ವಿಷಯದಲ್ಲಿ ಕೊನೆಯ ಮಾತು ಅವರ ಸರ್ಜನ್‌ದೇ.

ಮೊದಲು, ಆಪರೇಷನ್ ಏನನ್ನು ಸರಿ ಮಾಡುತ್ತದೆ, ಏನನ್ನು ಮಾಡುವುದಿಲ್ಲ ಅಂತ ಗೊತ್ತಿರಬೇಕು. ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ಎಲ್ಲಕ್ಕಿಂತ ದೊಡ್ಡ ರಕ್ತನಾಳ. ಅದರ ಗೋಡೆಗೆ ಮೂರು ಪದರ. ಒಳಗಿನ ಪದರ ಹರಿದರೆ ರಕ್ತ ಗೋಡೆಯ ಮಧ್ಯಕ್ಕೆ ನುಗ್ಗಿ, ಪದರಗಳನ್ನು ಬಿಡಿಸುತ್ತಾ ಇನ್ನೊಂದು ಸುಳ್ಳು ದಾರಿ ಮಾಡಿಕೊಳ್ಳುತ್ತದೆ. ಇದೇ ಡಿಸೆಕ್ಷನ್. ಹೃದಯದ ಹತ್ತಿರದ ಮೇಲ್ಮುಖದ ಭಾಗದಲ್ಲಿ ಹರಿದರೆ ಅದನ್ನು ಟೈಪ್ ಎ ಅನ್ನುತ್ತಾರೆ. ಆಪರೇಷನ್ ಮಾಡದಿದ್ದರೆ ಮೊದಲ ಎರಡು ದಿನ ಗಂಟೆಗೆ ಶೇಕಡಾ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆ ಅನ್ನುವುದು ವೈದ್ಯರು ಮೊದಲಿಂದ ಹೇಳಿಕೊಂಡು ಬಂದ ಲೆಕ್ಕ. ಹಾಗಾಗಿ ರಾತ್ರೋರಾತ್ರಿ ಎದೆ ತೆರೆದು, ಹರಿದ ಜಾಗವನ್ನು ಕತ್ತರಿಸಿ, ಬಟ್ಟೆಯ ಕೊಳವೆಯಂತಹ ಗ್ರಾಫ್ಟ್ ಹೊಲಿಯುತ್ತಾರೆ. ಅದು ಜೀವ ಉಳಿಸುವ ಕೆಲಸ. ಆದರೆ ಸುಳ್ಳು ದಾರಿ ಬೆನ್ನಿನ ಕಡೆಗೆ, ಹೊಟ್ಟೆಯವರೆಗೆ ಇಳಿದಿದ್ದರೆ ಬಹಳ ಜನರಲ್ಲಿ ಅದು ಹಾಗೇ ತೆರೆದು ಉಳಿಯುತ್ತದೆ. ವರ್ಷಗಳು ಕಳೆದಂತೆ ಅಲ್ಲಿ ನಾಳ ಉಬ್ಬಬಹುದು. ಗ್ರಾಫ್ಟ್ ಹೊಲಿದ ಅಂಚಿನಲ್ಲಿ ಸೋರಬಹುದು. ಹೃದಯದ ಕವಾಟ ಸಡಿಲವಾಗಬಹುದು.

ಇವು ನಿಧಾನಕ್ಕೆ ಬರುವ ತೊಂದರೆಗಳು. ಬೇಗ ಬರುವವು ಬೇರೆ. ರಕ್ತಸ್ರಾವ, ಪಾರ್ಶ್ವವಾಯು, ಕಿಡ್ನಿ ಕೈಕೊಡುವುದು, ತುಂಬಾ ದಿನ ವೆಂಟಿಲೇಟರ್, ಹೃದಯದ ಬಡಿತ ಏರುಪೇರಾಗುವುದು, ಹೃದಯದ ಸುತ್ತ ನೀರು ತುಂಬುವುದು, ಎದೆಮೂಳೆಯ ಗಾಯಕ್ಕೆ ಸೋಂಕು. ಭಾವನಿಗೆ ನಾಲ್ಕು ದಿನ ಡಯಾಲಿಸಿಸ್ ಬೇಕಾಯಿತು. ಒಂದೂವರೆ ತಿಂಗಳು ದನಿಯೇ ಹೊರಡಲಿಲ್ಲ. ದನಿಪೆಟ್ಟಿಗೆಗೆ ಹೋಗುವ ನರ ಅಯೋರ್ಟಾದ ಬಾಗಿನ ಕೆಳಗಿನಿಂದಲೇ ಸುತ್ತಿ ಬರುತ್ತದೆ, ಆಪರೇಷನ್‌ನಲ್ಲಿ ಅದಕ್ಕೆ ಪೆಟ್ಟಾಗಬಹುದು ಅಂತ ಆಮೇಲೆ ತಿಳಿಯಿತು. ಮೊದಲೇ ಯಾರಾದರೂ ಹೇಳಿದ್ದರೆ ಅಕ್ಕ ಅಷ್ಟು ಅಳುತ್ತಿರಲಿಲ್ಲ.

ಈಗ ಆಯ್ಕೆಗಳಿಗೆ ಬರೋಣ. ಎಲ್ಲದರಲ್ಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಮುಂದಿನ ವರ್ಷದ ಸ್ಕ್ಯಾನನ್ನು ಹಿಂದಿನ ವರ್ಷದ ಸ್ಕ್ಯಾನಿನ ಪಕ್ಕ ಇಟ್ಟು ನೋಡುವವರು ಅಲ್ಲಿ ಇರುತ್ತಾರಾ?

ಮುಂಬಯಿಯಲ್ಲೇ ಇರೋದಾ, ಊರಿಗೆ ಹೋಗೋದಾ

ಮೊದಲ ಮೂರು ತಿಂಗಳ ಮಟ್ಟಿಗೆ ನನ್ನ ಉತ್ತರ ಗಟ್ಟಿ: ಆಪರೇಷನ್ ಆದ ಆಸ್ಪತ್ರೆಗೆ ಒಂದು ಗಂಟೆಯಲ್ಲಿ ತಲುಪುವ ಜಾಗದಲ್ಲೇ ಇರಿ. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಹನ್ನೆರಡು ವಾರ. ಅಷ್ಟರಲ್ಲಿ ಜ್ವರ ಬಂದರೆ, ಗಾಯದಿಂದ ಕೀವು ಬಂದರೆ, ಮೂಳೆ ಕಟಕಟ ಅಂದರೆ, ಮಲಗಿದಾಗ ಉಸಿರು ಕಟ್ಟಿದರೆ, ಆಪರೇಷನ್ ಮಾಡಿದವರೇ ನೋಡಬೇಕು. ಮೊದಲ ಸಿ.ಟಿ. ಸ್ಕ್ಯಾನ್ ಕೂಡ ಒಂದು ತಿಂಗಳ ಹೊತ್ತಿಗೆ ಬರುತ್ತದೆ. ಅಕ್ಕನನ್ನು ಒಪ್ಪಿಸಲು ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೊನೆಗೆ ಒಪ್ಪಿದಳು.

ಆದರೆ ಮುಂಬಯಿಯ ಕಷ್ಟಗಳೂ ಸಣ್ಣವಲ್ಲ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ. ಬೆಳಿಗ್ಗೆ ಎಂಟೂವರೆಯ ಲೋಕಲ್‌ನಲ್ಲಿ ಎದೆಮೂಳೆಗೆ ತಂತಿ ಹಾಕಿದ ಮನುಷ್ಯನನ್ನು ಹತ್ತಿಸುವ ಮಾತೇ ಇಲ್ಲ. ನಾವು ಓ.ಪಿ.ಡಿ. ದಿನ ಬೆಳಿಗ್ಗೆ ಐದಕ್ಕೆ ಹೊರಡುತ್ತಿದ್ದೆವು. ನಮ್ಮವರಲ್ಲಿ ಎಷ್ಟೋ ಜನ ಹೋಟೆಲಿನವರು. ನಸುಕಿಗೆ ಎದ್ದು ಹಿಟ್ಟು ರುಬ್ಬಿಸಿ, ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚುವವರು. ಮೈಯಲ್ಲಿ ಸ್ವಲ್ಪ ತ್ರಾಣ ಬಂದ ಕೂಡಲೇ ಕಾಲು ಹೋಟೆಲಿನ ಕಡೆಗೇ ಎಳೆಯುತ್ತದೆ. ಅಲ್ಲಿ ಗ್ಯಾಸ್ ಸಿಲಿಂಡರ್ ಎತ್ತುವುದು, ಅಕ್ಕಿ ಮೂಟೆ ಸರಿಸುವುದು, ಹುಡುಗರ ಮೇಲೆ ಕೂಗುವುದು. ಇವೆಲ್ಲ ಬಿ.ಪಿ.ಯನ್ನು ಒಮ್ಮೆಗೇ ಏರಿಸುತ್ತವೆ.

ಊರಿನಲ್ಲಿ ಶಾಂತಿ ಇದೆ, ನಿಜ. ಆದರೆ ಊರಿನಲ್ಲೂ ಸುಮ್ನೆ ಕೂರುವವರು ಯಾರು? ಬಾವಿಯಿಂದ ನೀರು ಸೇದುವುದು, ತೋಟದಲ್ಲಿ ತೆಂಗಿನಕಾಯಿ ಹೊರುವುದು, ಸೌದೆ ಒಡೆಯುವುದು. ಉಸಿರು ಬಿಗಿಹಿಡಿದು ಭಾರ ಎತ್ತುವ ಯಾವ ಕೆಲಸವೂ ಬೇಡ ಅಂತ ಡಾಕ್ಟರ್ ಹೇಳಿದ್ದನ್ನು ಊರಿನ ನೆಂಟರಿಗೆ ಅರ್ಥ ಮಾಡಿಸುವುದು ಕಷ್ಟ. "ನೋಡೋಕೆ ಗಟ್ಟಿ ಇದ್ದಾರಲ್ಲ" ಅಂತಾರೆ. ನಾವು ಎಡವಿದ್ದೂ ಇಲ್ಲೇ. ನಾಲ್ಕನೇ ತಿಂಗಳಿಗೆ ಭಾವ ಊರಿಗೆ ಹೋದರು. ಬಣ್ಣ ಬಂತು, ಊಟ ಸೇರಿತು. ಆರು ತಿಂಗಳ ಸ್ಕ್ಯಾನ್ ತಪ್ಪಿಹೋಯಿತು. ಚೆನ್ನಾಗಿದ್ದಾರಲ್ಲ, ಸುಮ್ನೆ ಯಾಕೆ ಖರ್ಚು ಅಂತ ನಾನೂ ಹೂಂ ಅಂದೆ. ಉಬ್ಬುತ್ತಿರುವ ಅಯೋರ್ಟಾಕ್ಕೆ ಹೆಚ್ಚಿನ ಸಲ ನೋವೇ ಇರುವುದಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ.

ಮೂರನೇ ದಾರಿಯೂ ಇದೆ. ಈಗ ನಾವು ಹಿಡಿದಿರುವುದು ಅದನ್ನೇ. ಇರುವುದು ಊರಿನಲ್ಲಿ, ವರ್ಷಕ್ಕೊಮ್ಮೆ ಮತ್ಸ್ಯಗಂಧ ರೈಲಿನಲ್ಲಿ ಮುಂಬಯಿಗೆ ಬಂದು ಸ್ಕ್ಯಾನ್, ಸರ್ಜನ್ ಭೇಟಿ. ಕೊಂಕಣ ರೈಲು ಇರುವ ಊರಿನವರಿಗೆ ಇದು ಒಳ್ಳೆಯದು. ಕರಾವಳಿಯವರಿಗೆ ಅವಸರಕ್ಕೆ ಮಣಿಪಾಲ, ಮಂಗಳೂರು ಇದೆ. ಕಲಬುರಗಿ ಕಡೆಯವರಿಗೆ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ. ವರ್ಷಕ್ಕೊಮ್ಮೆ ಮುಂಬಯಿಗೆ ಬರುವುದು ಸಾಧ್ಯವೇ ಇಲ್ಲ ಅಂತಾದರೆ ಪೂರ್ತಿ ಅಲ್ಲಿಗೇ ವರ್ಗ ಮಾಡಿಕೊಳ್ಳಿ. ಎರಡೂ ಕಡೆ ಅರ್ಧರ್ಧ ಮಾಡುವುದೇ ಎಲ್ಲಕ್ಕಿಂತ ಅಪಾಯ. ಇಲ್ಲಿಯವರು ಅಲ್ಲಿ ತೋರಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ಲಿಯವರು ಇಲ್ಲಿ ಅಂದುಕೊಳ್ಳುತ್ತಾರೆ.

ಹೊರಡುವ ಮುಂಚೆ ರೇಷನ್ ಕಾರ್ಡಿನ ವಿಷಯ ನೋಡಿ. ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರಿ ಯೋಜನೆಗೆ ಅದು ಬೇಕಾಗುತ್ತದೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇಲ್ಲಿಯ ಕಾರ್ಡಿಗೆ, ಕರ್ನಾಟಕದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಲ್ಲಿಯ ಕಾರ್ಡಿಗೆ. ಊರಿಗೆ ಹೋಗುವ ಗಡಿಬಿಡಿಯಲ್ಲಿ ಇಲ್ಲಿಯ ಹೆಸರು ತೆಗೆಸಿ, ಆಮೇಲೆ ಎರಡನೇ ಆಪರೇಷನ್ನಿಗೆ ಮುಂಬಯಿಗೆ ಬಂದು ಕಷ್ಟಪಟ್ಟ ಒಂದು ಮನೆಯವರು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಂದು ಮೇಜು ಇರುತ್ತದೆ. ಮೊದಲು ಅಲ್ಲಿ ಕೇಳಿ.

ಯಾವ ಆಸ್ಪತ್ರೆಯಲ್ಲಿ ಮುಂದುವರಿಸೋದು

ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಇವು ಮಹಾನಗರ ಪಾಲಿಕೆಯವು. ಜೆ.ಜೆ. ಸರ್ಕಾರದ್ದು. ಖರ್ಚು ಕಡಿಮೆ, ಕಷ್ಟದ ಕೇಸುಗಳನ್ನು ನೋಡಿದ ಕೈ. ಆದರೆ ಕ್ಯೂ ಉದ್ದ. ಇವತ್ತು ನೋಡಿದ ರೆಸಿಡೆಂಟ್ ಡಾಕ್ಟರ್ ಮುಂದಿನ ವರ್ಷ ಇರುವುದಿಲ್ಲ. ಖಾಸಗಿಯಲ್ಲಿ ಅದೇ ಸರ್ಜನ್ ಪ್ರತಿ ಸಲ ಸಿಗುತ್ತಾರೆ, ಖರ್ಚು ಜಾಸ್ತಿ. ಇವೆರಡರ ನಡುವೆ ಟ್ರಸ್ಟ್ ಆಸ್ಪತ್ರೆಗಳಿವೆ. 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ (ಮೊದಲು ಬಾಂಬೆ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಅನ್ನುತ್ತಿದ್ದರು) ಅಡಿಯಲ್ಲಿ ಧರ್ಮಾರ್ಥ ಟ್ರಸ್ಟ್ ನಡೆಸುವ ಆಸ್ಪತ್ರೆಗಳು ಶೇಕಡಾ 10ರಷ್ಟು ಹಾಸಿಗೆಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು ಶೇಕಡಾ 10ನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಆದಾಯದ ದಾಖಲೆ ಇಟ್ಟುಕೊಂಡು ಅಲ್ಲಿಯ ಸಮಾಜ ಸೇವಾ ವಿಭಾಗದಲ್ಲಿ ಕೇಳಿ. ಸಂಕೋಚ ಬೇಡ, ಅದು ಕಾನೂನಿನಲ್ಲಿ ಇರುವುದು.

ನನ್ನ ಅಭಿಪ್ರಾಯದಲ್ಲಿ ಆಸ್ಪತ್ರೆಯ ಹೆಸರಿಗಿಂತ ನಿಮ್ಮ ಫೈಲ್ ದೊಡ್ಡದು. ಆಪರೇಷನ್ ನೋಟ್ಸಿನ ಪ್ರತಿ ಬೇಕೇ ಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಎರಡು ಸಾಲು ಇರುತ್ತದೆ ಅಷ್ಟೆ. ನೋಟ್ಸಿನಲ್ಲಿ ಗ್ರಾಫ್ಟಿನ ಅಳತೆ, ಎಲ್ಲಿಂದ ಎಲ್ಲಿಯವರೆಗೆ ಹೊಲಿದರು, ಕವಾಟ ಉಳಿಸಿದರಾ ಬದಲಾಯಿಸಿದರಾ, ಎಲ್ಲ ಇರುತ್ತದೆ. ಮುಂದೆ ಯಾರು ಮುಟ್ಟಿದರೂ ಮೊದಲು ಕೇಳುವುದು ಅದನ್ನೇ.

ಸಿ.ಟಿ., ಎಂ.ಆರ್.ಐ., ಎಕೋ

ಈ ವಿಷಯದಲ್ಲಿ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. "ಎಕೋ ಮಾಡಿಸಿದ್ವಿ, ನಾರ್ಮಲ್ ಬಂತು" ಅಂತ ಫೋನಿನಲ್ಲಿ ಹೇಳುತ್ತಾರೆ. ಎದೆಯ ಮೇಲೆ ಮಾಡುವ ಎಕೋ ಹೃದಯದ ಪಂಪು, ಕವಾಟ, ಅಯೋರ್ಟಾದ ಬುಡ ನೋಡಲು ಒಳ್ಳೆಯದು. ಬೆನ್ನಿನ ಕಡೆ ಇಳಿಯುವ ಭಾಗ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಹರಿದು ಉಳಿದಿರುವುದೇ ಆ ಭಾಗ ಅಲ್ವಾ? ಎಕೋ ಬೇಕು, ಆದರೆ ಅದೊಂದೇ ಸಾಲದು.

ಸಿ.ಟಿ. ಆಂಜಿಯೋ ಅಂದರೆ ಡೈ ಚುಚ್ಚಿ ರಕ್ತನಾಳಗಳನ್ನು ತೋರಿಸುವ ಸಿ.ಟಿ. ಬೇಗ ಮುಗಿಯುತ್ತದೆ, ಎಲ್ಲಾ ಕಡೆ ಸಿಗುತ್ತದೆ, ಚಿತ್ರ ಸ್ಪಷ್ಟ. ಎದೆಯಿಂದ ತೊಡೆಸಂದಿಯವರೆಗೆ ಪೂರ್ತಿ ತೆಗೆಯಬೇಕು, ಬರೀ ಎದೆಯದ್ದಲ್ಲ. ಸಾಧ್ಯವಿದ್ದರೆ ಇ.ಸಿ.ಜಿ. ಜೊತೆ ಹೊಂದಿಸಿ ತೆಗೆಯುವ ಸೆಂಟರ್ ಹುಡುಕಿ. ಹೃದಯ ಬಡಿಯುವಾಗ ಬುಡದ ಚಿತ್ರ ಅಲ್ಲಾಡುವುದು ಇದರಿಂದ ತಪ್ಪುತ್ತದೆ. ತೊಂದರೆ ಎರಡು: ವಿಕಿರಣ, ಮತ್ತು ಕಿಡ್ನಿಗೆ ಹೊರೆಯಾಗುವ ಆ ಡೈ. ಭಾವನಿಗೆ ಮೊದಲೇ ಕಿಡ್ನಿ ಪೆಟ್ಟು ತಿಂದಿತ್ತು. ಹಾಗಾಗಿ ಪ್ರತಿ ಸಲ ವಾರದ ಮುಂಚೆ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆ) ನೋಡಿಯೇ ಹೋಗುತ್ತೇವೆ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಸೆಂಟರಿನವರಿಗೆ ಮೊದಲೇ ಹೇಳಬೇಕು.

ಎಂ.ಆರ್.ಐ.ನಲ್ಲಿ ವಿಕಿರಣ ಇಲ್ಲ. ವಯಸ್ಸು ಕಡಿಮೆ ಇರುವವರಿಗೆ, ಇನ್ನೂ ಮೂವತ್ತು ವರ್ಷ ಸ್ಕ್ಯಾನ್ ಮಾಡಿಸಬೇಕಾದವರಿಗೆ ಇದರ ಬಗ್ಗೆ ಕೇಳಲೇಬೇಕು. ಆದರೆ ಹೊತ್ತು ಜಾಸ್ತಿ, ಉಸಿರು ಹಿಡಿದು ಮಲಗಬೇಕು, ಒಳಗೆ ಹಾಕಿದ ಲೋಹದ ಸುತ್ತ ಚಿತ್ರ ಮಸುಕಾಗಬಹುದು. ಕವಾಟ, ಸ್ಟೆಂಟ್, ಪೇಸ್‌ಮೇಕರ್ ಏನೇ ಇದ್ದರೂ ಕಾರ್ಡ್ ತೋರಿಸಿ ಒಪ್ಪಿಗೆ ಪಡೆದೇ ಒಳಗೆ ಹೋಗಬೇಕು.

ಎಷ್ಟು ಸಲ? ಈಗಿನ ವೈದ್ಯಕೀಯ ಮಾರ್ಗಸೂಚಿಗಳ ಪ್ರಕಾರ ಒಂದು ತಿಂಗಳಿಗೆ, ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ. ಜೀವನವಿಡೀ.

ನಮ್ಮದೇ ಒಂದು ಅನುಭವ ಹೇಳುತ್ತೇನೆ. ಒಂದು ತಿಂಗಳ ಸ್ಕ್ಯಾನಿನಲ್ಲಿ ಬೆನ್ನಿನ ಭಾಗ 4.1 ಸೆಂಟಿಮೀಟರ್ ಇತ್ತು. ಆರು ತಿಂಗಳದ್ದು ತಪ್ಪಿತ್ತು. ಹದಿಮೂರನೇ ತಿಂಗಳಿಗೆ ಊರಿನ ಕಡೆಯ ಒಂದು ಸೆಂಟರಿನಲ್ಲಿ ಮಾಡಿಸಿದಾಗ ರಿಪೋರ್ಟಿನಲ್ಲಿ 4.7 ಬಂತು. ಅಕ್ಕ ಆ ರಾತ್ರಿ ನಿದ್ದೆ ಮಾಡಲಿಲ್ಲ. ನಾನು ಸಿ.ಡಿ. ತರಿಸಿಕೊಂಡು ಸರ್ಜನ್ ಹತ್ತಿರ ಓಡಿದೆ. ಅವರು ಎರಡೂ ಸಿ.ಡಿ.ಗಳನ್ನು ಒಂದೇ ಪರದೆಯ ಮೇಲೆ ಅಕ್ಕಪಕ್ಕ ತೆರೆದು, ಒಂದೇ ಜಾಗದಲ್ಲಿ ತಾವೇ ಅಳೆದರು. 4.4. ನಾಳ ಓರೆಯಾಗಿ ಹೋಗುವ ಕಡೆ ಅಡ್ಡಕ್ಕೆ ಅಳೆದರೆ ದೊಡ್ಡದಾಗಿ ಕಾಣುತ್ತದೆ. ಬಾಳೆದಿಂಡನ್ನು ಓರೆಯಾಗಿ ಕತ್ತರಿಸಿದರೆ ಬಿಲ್ಲೆ ದೊಡ್ಡದಾಗಿ ಬರುವುದಿಲ್ಲವೇ, ಹಾಗೆ. ನಾಳ ಹೋಗುವ ದಿಕ್ಕಿಗೆ ನೇರವಾಗಿ ಕತ್ತರಿಸಿದಂತೆ ಅಳೆಯಬೇಕು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಅಳೆಯುವ ಕೈಯಿಂದಲೇ ಬರಬಹುದು.

ಹಾಗಾಗಿ ರಿಪೋರ್ಟಿನ ಕಾಗದಕ್ಕಿಂತ ಸಿ.ಡಿ. ಮುಖ್ಯ. ಆದಷ್ಟು ಅದೇ ಸೆಂಟರ್, ಅದೇ ರೀತಿಯ ಸ್ಕ್ಯಾನ್. ಮೂರುನಾಲ್ಕು ಸಾವಿರ ಕಡಿಮೆ ಅಂತ ಪ್ರತಿ ವರ್ಷ ಬೇರೆ ಸೆಂಟರಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಉಬ್ಬಿದರೆ: ಕಾಯೋದಾ, ಸ್ಟೆಂಟಾ, ಮತ್ತೆ ಎದೆ ತೆರೆಯೋದಾ

ಎರಡನೇ ವರ್ಷ ಭಾವನದು 4.8 ಆಯಿತು. ಮೂರನೇ ವರ್ಷ 5.5. ಸಾಮಾನ್ಯವಾಗಿ ಐದೂವರೆಯಿಂದ ಆರು ಸೆಂಟಿಮೀಟರಿನ ಹತ್ತಿರ ಬಂದಾಗ, ಅಥವಾ ವರ್ಷಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಬೆಳೆದಾಗ ಮುಂದಿನ ಹೆಜ್ಜೆಯ ಮಾತು ಬರುತ್ತದೆ. ನಮಗೆ ಎರಡೂ ಆಗಿತ್ತು. ಅದಕ್ಕಿಂತ ಚಿಕ್ಕದಿದ್ದು, ನಿಂತಲ್ಲೇ ನಿಂತಿದ್ದರೆ ಬಿ.ಪಿ. ಹಿಡಿತದಲ್ಲಿಟ್ಟು ಕಾಯುವುದೂ ಒಂದು ಚಿಕಿತ್ಸೆಯೇ. ಆ ಕಾಯುವಿಕೆಗೆ ಹೆದರಿ ಸ್ಟೆಂಟಿಗೆ ಅವಸರ ಮಾಡಬೇಡಿ.

ಸ್ಟೆಂಟ್ ಗ್ರಾಫ್ಟನ್ನು ತೊಡೆಸಂದಿಯ ನಾಳದಿಂದ ಒಳಗೆ ಕಳಿಸಿ, ಹರಿದ ಬಾಯಿಯ ಮೇಲೆ ಬಿಡಿಸುತ್ತಾರೆ. ರಕ್ತ ಸರಿಯಾದ ದಾರಿಯಲ್ಲಿ ಹರಿದು ಸುಳ್ಳು ದಾರಿ ಹೆಪ್ಪುಗಟ್ಟಿ ಮುಚ್ಚಲಿ ಅನ್ನುವುದು ಉದ್ದೇಶ. ಎದೆ ತೆರೆಯುವುದಿಲ್ಲ, ಬೇಗ ಮನೆಗೆ ಹೋಗಬಹುದು. ಆದರೆ ಸ್ಟೆಂಟಿನ ಬೆಲೆಯೇ ಹಲವು ಲಕ್ಷ. ತುದಿಗಳು ಗಟ್ಟಿಯಾಗಿ ಕೂರಲು ಒಳ್ಳೆಯ ಜಾಗ ಬೇಕು. ಪಕ್ಕದಿಂದ ರಕ್ತ ಸೋರಿ ಮತ್ತೆ ಉಬ್ಬಬಹುದು. ಹಳೆಯ ಡಿಸೆಕ್ಷನ್‌ನಲ್ಲಿ ಒಳಗಿನ ಪದರ ದಪ್ಪಗಾಗಿ ಬಿಗಿಯಾಗಿರುತ್ತದೆ. ಹೊಟ್ಟೆಯ ಕಡೆ ಇರುವ ಸಣ್ಣ ತೂತುಗಳಿಂದ ಸುಳ್ಳು ದಾರಿಗೆ ರಕ್ತ ಬರುತ್ತಲೇ ಇರಬಹುದು.

ತೆರೆದು ಮಾಡುವ ಆಪರೇಷನ್‌ನಲ್ಲಿ ಎಡಪಕ್ಕೆ ಸೀಳಿ, ಉಬ್ಬಿದ ಭಾಗವನ್ನೇ ತೆಗೆದು ಗ್ರಾಫ್ಟ್ ಹಾಕುತ್ತಾರೆ. ಆ ಹೊತ್ತಿನ ಅಪಾಯ ಜಾಸ್ತಿ, ಚೇತರಿಕೆ ನಿಧಾನ. ಆದರೆ ಬಾಳಿಕೆ ಹೆಚ್ಚು. ಮಾರ್ಫನ್‌ನಂತಹ ಹುಟ್ಟಿನಿಂದ ಬಂದ ನಾಳದ ದೌರ್ಬಲ್ಯ ಇರುವವರಿಗೆ ಸ್ಟೆಂಟಿನ ತುದಿ ಕೂರುವ ಗೋಡೆಯೇ ನಂಬಿಕೆಗೆ ಅರ್ಹವಲ್ಲ. ಅವರಿಗೆ ಸಾಮಾನ್ಯವಾಗಿ ತೆರೆದು ಮಾಡುವುದನ್ನೇ ಹೇಳುತ್ತಾರೆ.

ಎರಡರಲ್ಲೂ ಒಂದು ಭಯ ಸಮಾನ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ನಾಳಗಳು ಅಲ್ಲಿಂದಲೇ ಹೊರಡುತ್ತವೆ. ಅವು ಮುಚ್ಚಿದರೆ ಕಾಲುಗಳ ಶಕ್ತಿ ಹೋಗಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇದನ್ನು ಹೆಸರು ಹಿಡಿದು ಕೇಳಿ. ಇದನ್ನು ತಡೆಯಲು ಏನು ಮಾಡುತ್ತೀರಿ, ಬೆನ್ನಿಗೆ ಡ್ರೇನ್ (ಬೆನ್ನುಹುರಿಯ ಸುತ್ತಲಿನ ನೀರು ಹೊರತೆಗೆಯುವ ಸಣ್ಣ ಕೊಳವೆ) ಹಾಕುತ್ತೀರಾ, ಅಂತ. ಭಾವನಿಗೆ ವಯಸ್ಸು 57, ಕಿಡ್ನಿ ಅರೆಬರೆ, ಮಾರ್ಫನ್ ಇಲ್ಲ, ಸ್ಟೆಂಟ್ ಕೂರಲು ಜಾಗ ಇತ್ತು. ನಾವು ಸ್ಟೆಂಟ್ ಆರಿಸಿದೆವು. ಆ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು "ಕಾಲಿನ ಬೆರಳು ಅಲ್ಲಾಡಿಸಿ" ಅನ್ನುತ್ತಿದ್ದರು. ಗಾಜಿನ ಆಚೆ ನಿಂತು ನಾನೂ ಆ ಬೆರಳುಗಳನ್ನೇ ನೋಡುತ್ತಿದ್ದೆ.

ಕವಾಟದ ಮಾತು ಬಂದರೆ

ಬದಲಾಯಿಸುವುದಾದರೆ ಯಾವ ಕವಾಟ ಅಂತ ಯೋಚಿಸಲು ಮೊದಲ ಆಪರೇಷನ್‌ನಲ್ಲಿ ಸಮಯ ಸಿಗುವುದು ಕಡಿಮೆ. ಲೋಹದ ಕವಾಟ ತುಂಬಾ ವರ್ಷ ಬಾಳುತ್ತದೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನವಿಡೀ ಬೇಕು, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐ.ಎನ್.ಆರ್. ಪರೀಕ್ಷೆ ತಪ್ಪಬಾರದು. ಜೈವಿಕ ಕವಾಟಕ್ಕೆ ಜೀವನವಿಡೀ ಆ ಮಾತ್ರೆ ಸಾಮಾನ್ಯವಾಗಿ ಬೇಡ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ. ಐ.ಎನ್.ಆರ್. ಮಾಡುವ ಲ್ಯಾಬ್ ಊರಿನಿಂದ ಎಷ್ಟು ದೂರ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರಬೇಕು. ಮಾತ್ರೆ ತೆಗೆದುಕೊಳ್ಳುವವರು ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾ ಬಸಳೆ ಸಾರು, ಇನ್ನೊಂದು ವಾರ ಸೊಪ್ಪೇ ಇಲ್ಲ ಅಂತ ಮಾಡಬಾರದು ಅಷ್ಟೆ.

ಮಾತ್ರೆಗಳು

ಬಿ.ಪಿ. 130/80ರ ಕೆಳಗೆ ಇರಬೇಕು. ತಾಳಿಕೊಳ್ಳುವವರಿಗೆ ಮೇಲಿನ ಅಂಕೆಯನ್ನು 120ರ ಕೆಳಗೂ ಇಡುತ್ತಾರೆ. ಮೊದಲು ಕೊಡುವುದು ಬೀಟಾ ಬ್ಲಾಕರ್. ಬಿ.ಪಿ.ಯ ಜೊತೆ ನಾಡಿಯ ಹೊಡೆತವನ್ನೂ ತಗ್ಗಿಸುತ್ತದೆ. ಅದನ್ನು ಒಮ್ಮೆಗೇ ನಿಲ್ಲಿಸಬಾರದು. ಭಾವನಿಗೆ ಇದೆಲ್ಲ ಶುರುವಾದದ್ದೇ ಬಿ.ಪಿ. ಮಾತ್ರೆ ತಾವಾಗಿಯೇ ಬಿಟ್ಟು ಎಂಟು ತಿಂಗಳ ಮೇಲೆ.

ಇನ್ನೊಂದು ವಿಷಯ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಜಾತಿಯ ಆಂಟಿಬಯೋಟಿಕ್‌ಗಳು ಅಯೋರ್ಟಾದ ತೊಂದರೆ ಇರುವವರಿಗೆ ಅಪಾಯ ತರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಬೇರೆ ದಾರಿ ಇದ್ದರೆ ಇವು ಬೇಡ. ಹೊಟ್ಟೆ ಕೆಟ್ಟರೆ, ಉರಿಮೂತ್ರ ಆದರೆ ನಮ್ಮಲ್ಲಿ ಮೊದಲು ಬರೆಯುವುದೇ ಇವುಗಳನ್ನು. ಭಾವನಿಗೂ ಒಂದು ಕ್ಲಿನಿಕ್ಕಿನಲ್ಲಿ ಬರೆದಿದ್ದರು. ಸರ್ಜನ್ ಹತ್ತಿರ ಫೋನಿನಲ್ಲಿ ಕೇಳಿ ಬದಲಾಯಿಸಿಕೊಂಡೆವು. ಡಿಸ್ಚಾರ್ಜ್ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಈ ಮೂರು ಹೆಸರು ಬರೆದಿಡಿ. ಕೈಕಾಲು ನೋವಿಗೆ ಮೆಡಿಕಲ್‌ನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳೂ ಬಿ.ಪಿ. ಏರಿಸುತ್ತವೆ, ಕಿಡ್ನಿಗೂ ಕೆಟ್ಟದ್ದು.

ಚೇತರಿಕೆ ನಿಧಾನ ಅಂತ ಕುಗ್ಗುವವರಿಗೆ ನಾನು ಮೈಕೆಲ್ ಡೆಬೇಕಿಯವರ ಕಥೆ ಹೇಳುತ್ತೇನೆ. ಈ ಆಪರೇಷನ್‌ಗೆ ದಾರಿ ಹಾಕಿದ ಅಮೆರಿಕದ ಸರ್ಜನ್ ಅವರೇ. 2005ರ ಕೊನೆಯ ದಿನ, 97ನೇ ವಯಸ್ಸಿನಲ್ಲಿ, ಅವರಿಗೇ ಡಿಸೆಕ್ಷನ್ ಆಯಿತು. 2006ರ ಫೆಬ್ರವರಿಯಲ್ಲಿ ಆಪರೇಷನ್. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು. 2008ರವರೆಗೆ ಬದುಕಿದರು. ಭಾವ ವಾಕರ್ ಹಿಡಿಯಲು ಬೇಸರ ಪಡುತ್ತಿದ್ದ ದಿನಗಳಲ್ಲಿ ಇದನ್ನು ಎರಡು ಮೂರು ಸಲ ಹೇಳಿಸಿಕೊಂಡರು.

ಡಿಸೆಕ್ಷನ್ ಆದವರ ಮಕ್ಕಳು, ಒಡಹುಟ್ಟಿದವರು ಎಲ್ಲರೂ ಒಮ್ಮೆ ಅಯೋರ್ಟಾದ ಅಳತೆ ನೋಡಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಎಕೋ ಮಾಡಿಸಿದ್ದೇವೆ. ಭಾವನ ತಮ್ಮ ಮಾತ್ರ ಇನ್ನೂ ಹೋಗಿಲ್ಲ. ಈ ಗಣೇಶ ಹಬ್ಬಕ್ಕೆ ಊರಿಗೆ ಹೋದಾಗ ಕರೆದುಕೊಂಡೇ ಹೋಗುತ್ತೇನೆ.

ಮತ್ತೆ ನೋವು ಬಂದರೆ: ಹತ್ತಿರದ್ದಾ, ನಮ್ಮದಾ

ಒಮ್ಮೆಗೇ ಎದೆ, ಬೆನ್ನು, ಹೊಟ್ಟೆ ಸೀಳಿದಂತೆ ನೋವು ಬಂದರೆ, ಮಾತು ತೊದಲಿದರೆ, ಒಂದು ಕಾಲು ತಣ್ಣಗಾಗಿ ಬಲ ಹೋದರೆ, ಕಾಯುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ. ಡೊಂಬಿವಲಿಯಿಂದ ಪರೇಲಿಗೆ ಸಂಜೆಯ ಟ್ರಾಫಿಕ್‌ನಲ್ಲಿ ಎರಡು ಗಂಟೆ ಆಗಬಹುದು. ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಅಲ್ಲಿ ಬಿ.ಪಿ. ಇಳಿಸಿ, ಸ್ಕ್ಯಾನ್ ನೋಡಿ, ಆಮೇಲೆ ನಿಮ್ಮ ಸರ್ಜನ್ ಹತ್ತಿರ ಕಳಿಸಲಿ. ಅಲ್ಲಿಯವರು ಮೊದಲು ಹಾರ್ಟ್ ಅಟ್ಯಾಕ್ ಅಂದುಕೊಂಡು ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಹೊರಡಬಹುದು. ಡಿಸೆಕ್ಷನ್‌ನಲ್ಲಿ ಅದು ಪ್ರಾಣಕ್ಕೇ ಅಪಾಯ. ಹಾಗಾಗಿ ಕ್ಯಾಶುವಾಲಿಟಿಯ ಬಾಗಿಲಲ್ಲೇ ಹೇಳುವ ಮೊದಲ ಮಾತು ಇದು: "ಇವರಿಗೆ ಅಯೋರ್ಟಾ ಡಿಸೆಕ್ಷನ್ ಆಗಿ ಆಪರೇಷನ್ ಆಗಿದೆ." ಅಕ್ಕನಿಗೆ ಮರಾಠಿ ಅಷ್ಟು ಬರುವುದಿಲ್ಲ. ಅದಕ್ಕೆ ಈ ಸಾಲನ್ನು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಭಾವನ ಜೇಬಿನಲ್ಲಿ ಒಂದು, ಅವಳ ಪರ್ಸಿನಲ್ಲಿ ಒಂದು ಇಟ್ಟಿದ್ದೇನೆ.